ಕತ್ತೆಯ ಕಿವಿ

ಫೆಬ್ರವರಿ 9

ನಾದಿನಿಯಮ್ಮನವರಿಗೆ,

ನಿನ್ನೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೇಳಿದ್ದು ನಿನ್ನ ತಲೆಗೆ ಹೋಯಿತೋ ಇಲ್ಲವೋ ಅನುಮಾನ. ಇವತ್ತಿನಿಂದ ನೀನು ನನಗೆ ಫೋನ್ ಮಾಡಬಾರದು.

ಮುಖ ಊದಿಸಿಕೊಳ್ಳಬೇಡ. ನಿನ್ನೆ ನೀನು ಕರೆ ಮಾಡಿದಾಗ ಒಬ್ಬ ಹುಡುಗಿ ನನ್ನ ಕುರ್ಚಿಯಲ್ಲಿ ಕೂತಿದ್ದಳು, ಕತ್ತರಿ ನನ್ನ ಕೈಯಲ್ಲಿತ್ತು. ನೀನು "ಅತ್ತಿಗೆ, ಆ ಕೋಟು ಮಷಿನ್ ದಾಟಿತ್ತು ಅಲ್ವಾ?" ಎಂದೆ. ಇಷ್ಟು ದೂರದ ಊರಿನಲ್ಲಿ ಕಂಡವರ ಕೂದಲು ಕತ್ತರಿಸಿಕೊಂಡು ಬದುಕುವವಳಿಗೆ ನಿನ್ನ ಕಾರ್ಖಾನೆಯ ಕೋಟು ಏನು ದಾಟಿತು, ಏನು ದಾಟಲಿಲ್ಲ ಎಂದು ಹೇಗೆ ಗೊತ್ತಾಗಬೇಕು? ಆದರೂ ಅಭ್ಯಾಸಬಲದಿಂದ, ದಾಟಿತ್ತು, ಏನೂ ಆಗಿಲ್ಲ ಎಂದುಬಿಟ್ಟೆ. ನೀನು ಸಮಾಧಾನವಾಗಿ ಫೋನ್ ಇಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೋಟು, ಅದೇ ಪ್ರಶ್ನೆ. ಆ ಹುಡುಗಿಯ ಮುಂಗೂದಲು ಹುಬ್ಬು ಬಿಟ್ಟು ಹಣೆಯ ಅರ್ಧಕ್ಕೆ ಹೋಗಿದೆ. ಅವಳು ಕನ್ನಡಿ ನೋಡಿ ದುಡ್ಡು ಕೊಟ್ಟು ಹೋದಳು. ಬೈದಿದ್ದರೆ ವಾಸಿಯಿತ್ತು.

ನೀನು ತೋರಿಸಿಕೊಳ್ಳುತ್ತಿರುವ ಮನಸ್ಸಿನ ಡಾಕ್ಟರಮ್ಮ ಹೇಳಿದ್ದನ್ನು ನೀನೇ ನನಗೆ ಹೇಳಿದ್ದೀಯ. ನಾನು ಪ್ರತಿ ಸಲ "ಏನೂ ಆಗಿಲ್ಲ" ಎಂದಾಗ ನಿನ್ನ ಭಯಕ್ಕೆ ಮೇವು ಹಾಕಿದ ಹಾಗೆ, ಅದು ತಿಂದು ಕೊಬ್ಬಿ ಮತ್ತೆ ಬಾಗಿಲಿಗೆ ಬರುತ್ತದೆ ಎಂದು. ಹಾಗಾದರೆ ಇಷ್ಟು ದಿನ ಅದನ್ನು ಸಾಕಿದವಳು ನಾನೇ ಆದೆ. ಇನ್ನು ಮೇಲೆ ಏನಿದ್ದರೂ ಬರೆದು ಕಳಿಸು. ನಿನ್ನ ಭಯ ಅಂಚೆಯಲ್ಲಿ ಬರಲಿ. ನನ್ನ ಉತ್ತರ ಸೇರುವ ಹೊತ್ತಿಗೆ ಅದು ಹಳಸಿಹೋಗಿರುತ್ತದೆ.

ಒಂದು ಮಾತು ಕೊಡುತ್ತೇನೆ. ನಿಜವಾಗಿ ಏನಾದರೂ ಆದರೆ ನಾನೇ ಫೋನ್ ಮಾಡುತ್ತೇನೆ. ಫೋನ್ ಬರಲಿಲ್ಲ ಎಂದರೆ ಇಲ್ಲಿ ಎಲ್ಲರೂ ಉಸಿರಾಡಿಕೊಂಡು, ಜಗಳವಾಡಿಕೊಂಡು ಚೆನ್ನಾಗಿದ್ದೇವೆ ಎಂದು ತಿಳಿ.

ನಿನ್ನಣ್ಣ ಯಾವುದೋ ಅಂಗಡಿಯ ಬೋರ್ಡು ಬರೆದು ಈಗ ಬಂದರು, ಮೊಣಕೈವರೆಗೆ ಹಳದಿ ಬಣ್ಣ. ಕೆಳಗೆ ಸಹಿಯ ಬದಲು ಕತ್ತೆ ಬಿಡಿಸಿದ್ದಾರೆ. ನೀನು ಹುಟ್ಟಿದಾಗಿನಿಂದ ಅವರು ನಿನ್ನನ್ನು ಕರೆಯುವುದೇ ಹಾಗಲ್ಲವೇ. ಒಂದು ಕಿವಿ ನೆಟ್ಟಗಿದೆ, ಇನ್ನೊಂದು ಮಡಚಿದೆ. ಯಾಕೆ ಎಂದು ಕೇಳಿದೆ. "ಇಲ್ಲದ ಸದ್ದೆಲ್ಲ ಕೇಳಿಸ್ಕೊಳ್ಳೋ ಕತ್ತೆ ಅದು, ಒಂದು ಕಿವಿನಾದ್ರೂ ಮಡಚ್ಕೊಳ್ಳಲಿ" ಅಂದರು.

ನಿನ್ನ ಅತ್ತಿಗೆ

*

ಫೆಬ್ರವರಿ 17

ಅತ್ತಿಗೆ,

"ಇಲ್ಲಿ ನಾನು ಕ್ಷೇಮ" ಎಂದು ಬರೆದೆ, ಹೊಡೆದು ಹಾಕಿದೆ. ಕ್ಷೇಮ ಹೌದೋ ಅಲ್ಲವೋ ಖಾತ್ರಿಯಿಲ್ಲದೆ ಹೇಗೆ ಬರೆಯಲಿ?

ಫೋನಿನಲ್ಲಿ ಯಾವತ್ತೂ ಪೂರ್ತಿ ಹೇಳಿರಲಿಲ್ಲ, ಈಗ ಬರೆಯುತ್ತೇನೆ. ನಮ್ಮಲ್ಲಿ ಎಳೆ ಮಕ್ಕಳ ಕೋಟು ಹೊಲಿಯುತ್ತಾರೆ. ಹೊಲಿದದ್ದು ಪೆಟ್ಟಿಗೆ ಸೇರುವ ಮುಂಚೆ ನನ್ನ ಮುಂದಿನ ಮಷಿನ್ ದಾಟಬೇಕು. ನಾವು ಅದನ್ನು ಸೂಜಿ ಮಷಿನ್ ಅನ್ನುತ್ತೇವೆ. ಬಟ್ಟೆಯೊಳಗೆ ಎಲ್ಲಾದರೂ ಸೂಜಿಯ ಚೂರು ಉಳಿದಿದ್ದರೆ ಅದು ಕೂಗುತ್ತದೆ, ಕೆಂಪು ದೀಪ ಹತ್ತುತ್ತದೆ, ಬೆಲ್ಟು ನಿಲ್ಲುತ್ತದೆ. ಹೊಲಿಯುವವರ ಕೈಯಲ್ಲಿ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ಒಂದು ಕಾಗದಕ್ಕೆ ಅಂಟಿಸಿ ತೋರಿಸಬೇಕು. ಇಡೀ ಸೂಜಿ ಕೂಡಿದ ಮೇಲೇ ಹೊಸದು ಕೊಡುವುದು. ಚಳಿಗಾಲದ ಶುರುವಿನಲ್ಲಿ ಒಂದು ಸೂಜಿಯ ತುದಿ ಸಿಗಲೇ ಇಲ್ಲ. ಆ ಕಟ್ಟಿನ ಕೋಟುಗಳನ್ನೆಲ್ಲ ಬದಿಗಿಟ್ಟು ಒಂದೊಂದಾಗಿ ದಾಟಿಸಿದೆವು. ಮಷಿನ್ ಕೂಗಲಿಲ್ಲ. ತುದಿ ನೆಲದ ಧೂಳಿನಲ್ಲಿ ಹೋಗಿರಬೇಕು ಎಂದು ಎಲ್ಲರೂ ಕೈ ತೊಳೆದುಕೊಂಡರು.

ನನಗೆ ಮಾತ್ರ ಅದು ಹೋಗಲಿಲ್ಲ. ಒಂದು ಕಂದು ಬಣ್ಣದ ಕೋಟು ದಾಟುವಾಗ ಯಾರೋ ಕರೆದರು, ನಾನು ಮುಖ ತಿರುಗಿಸಿದ್ದೆ. ಆ ಕ್ಷಣ ದೀಪ ಹತ್ತಿರಬಹುದೇ? ಬೆಲ್ಟು ನಿಂತಿರಲಿಲ್ಲ, ಗೊತ್ತು. ಆದರೂ ಯಾವುದೋ ಮನೆಯಲ್ಲಿ ಯಾರೋ ತಾಯಿ ಮಗುವಿಗೆ ಆ ಕೋಟು ತೊಡಿಸುತ್ತಿದ್ದಾಳೆ, ಮಗು ಅಳುತ್ತಿದೆ, ಯಾಕೆ ಅಳುತ್ತಿದೆ ಎಂದು ಅವಳಿಗೆ ತಿಳಿಯುತ್ತಿಲ್ಲ. ಇದನ್ನು ನಾನು ದಿನಾ ನೋಡುತ್ತೇನೆ. ಆ ತಾಯಿಯ ಅಡುಗೆಮನೆಯ ಕಿಟಕಿಗೆ ಪರದೆಯ ಬಣ್ಣ ಯಾವುದು ಎಂದು ಕೂಡ ನನಗೆ ಗೊತ್ತು.

ಹಾಗಾಗಿ ಟೇಪ್ ಹಾಕಿ ಮುಚ್ಚಿದ ಪೆಟ್ಟಿಗೆಗಳನ್ನು ಬಿಚ್ಚಿ ಮತ್ತೆ ದಾಟಿಸುತ್ತಿದ್ದೆ. ಮೇಲ್ವಿಚಾರಕಿ ಎರಡು ಸಲ ಸುಮ್ಮನಿದ್ದರು. ಮೊನ್ನೆ ಪಕ್ಕಕ್ಕೆ ಕರೆದು, "ಟೇಪ್ ಹಾಕಿದ್ದನ್ನ ಇನ್ನೊಂದ್ಸಲ ಬಿಚ್ಚಿದ್ರೆ ನಿಮ್ಮನ್ನ ಈ ಮಷಿನ್ ಹತ್ರ ನಿಲ್ಲಿಸೋದಿಲ್ಲ" ಎಂದರು. ದನಿ ಏರಿಸಲಿಲ್ಲ. ಈ ಜಾಗ ಹೋದರೆ ನಾನು ಏನಾಗುತ್ತೇನೋ ತಿಳಿಯದು. ನನಗೆ ಬರುವ ಕೆಲಸ ಇದೊಂದೇ, ನನ್ನನ್ನು ತಿನ್ನುತ್ತಿರುವುದೂ ಇದೇ.

ಅಣ್ಣ ಏಣಿ ಹತ್ತಿದಾಗ ಕೆಳಗೆ ಯಾರಾದರೂ ಹಿಡಿದಿರುತ್ತಾರಾ? ಕೇಳಬಾರದು, ಗೊತ್ತು. ಕೇಳಿಬಿಟ್ಟೆ. ಉತ್ತರ ಬರೆಯಬೇಡಿ. ಬರೆದರೂ ಪರವಾಗಿಲ್ಲ.

ನಿಮ್ಮ ನಾದಿನಿ

*

ಫೆಬ್ರವರಿ 25

ನಾದಿನಿಯಮ್ಮ,

ಏಣಿಯ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ. ನಿನ್ನ ಡಾಕ್ಟರಮ್ಮ ನನ್ನನ್ನು ಮೆಚ್ಚಬೇಕು.

ನೋಡು, ನಿನ್ನ ಕಾಯಿಲೆಗೆ ನನ್ನ ಬಳಿ ಸುಲಭದ ಔಷಧವಿದೆ. ಕೆಟ್ಟದ್ದನ್ನೇ ಯೋಚಿಸಿ ಯೋಚಿಸಿ ನಿನ್ನ ತಲೆ ಅದೇ ದಾರಿಗೆ ಬಿದ್ದಿದೆ. ಒಳ್ಳೆಯದನ್ನು ಯೋಚಿಸು. ನನ್ನ ಬಳಿ ಬಣ್ಣ ಹಾಕಿಸಿಕೊಳ್ಳಲು ಬರುವ ಒಬ್ಬ ಟೀಚರ್ ಬೆಳಿಗ್ಗೆ ಎದ್ದ ಕೂಡಲೇ ಮೂರು ಒಳ್ಳೆಯ ಸಂಗತಿ ನೆನೆಸಿಕೊಳ್ಳುತ್ತಾರಂತೆ. ಗಂಡ ಬಿಟ್ಟುಹೋದ ಮೇಲೂ ಅವರ ಮುಖದಲ್ಲಿ ಎಂಥ ಕಳೆ ಅಂತೀಯ! ಗಂಡ ಹೋದದ್ದೇ ಮೊದಲನೆಯ ಒಳ್ಳೆಯ ಸಂಗತಿ ಇರಬಹುದು ಎಂದು ನಿನ್ನಣ್ಣ ಅಂದರು. ಅವರ ಮಾತು ಬಿಡು. ನೀನೂ ದಿನಕ್ಕೆ ಮೂರು ಬರೆದುಕೋ. ಆ ಅಳುವ ಮಗುವಿನ ಜಾಗದಲ್ಲಿ ನಗುವ ಮಗುವನ್ನು ಕೂರಿಸು. ಪರದೆಯ ಬಣ್ಣವನ್ನೂ ಬದಲಾಯಿಸಿಬಿಡು, ಖರ್ಚೇನಿಲ್ಲ.

ನನ್ನನ್ನೇ ನೋಡು. ಚಿಂತೆ ಎಂದರೆ ಏನು ಎಂದೇ ನನಗೆ ಗೊತ್ತಿಲ್ಲ. ಮಲಗಿದರೆ ಗೊರಕೆ. ಮನಸ್ಸನ್ನು ನಾವು ಹೇಳಿದ ಹಾಗೆ ಕೇಳಿಸಬೇಕು, ಅದು ಹೇಳಿದ ಹಾಗೆ ನಾವು ಕುಣಿಯಬಾರದು.

ಕತ್ತೆಗೆ ಈ ಸಲ ಕೋಟು ತೊಡಿಸಿದ್ದಾರೆ. ಗುಂಡಿ ಲೆಕ್ಕ ಹಾಕುತ್ತಾ ಕೂರಬೇಡ.

ನಿನ್ನ ಅತ್ತಿಗೆ

*

ಮಾರ್ಚ್ 6

ಅತ್ತಿಗೆ,

ನಿಮ್ಮ ಔಷಧ ಕುಡಿದೆ, ವಾಂತಿಯಾಯಿತು. ಮೊದಲ ದಿನ ಮೂರು ಒಳ್ಳೆಯ ಸಂಗತಿ ಬರೆದೆ. ಬಿಸಿಲು ಬಂದಿದೆ, ಬಸ್ಸಿನಲ್ಲಿ ಸೀಟು ಸಿಕ್ಕಿತು, ಅತ್ತಿಗೆ ಇದ್ದಾರೆ. ಮೂರನೆಯದನ್ನು ಬರೆದ ಕೂಡಲೇ ಅದನ್ನೇ ಮತ್ತೆ ಮತ್ತೆ ಓದತೊಡಗಿದೆ. ಇದ್ದಾರೆ ಎಂದು ಬರೆದೆನಲ್ಲ, ಇಲ್ಲದೇ ಹೋದರೆ? ಬರೆದದ್ದೇ ತಪ್ಪಾಯಿತೇನೋ ಎಂದು ಹೊಡೆದು ಹಾಕಿದೆ. ಹೊಡೆದು ಹಾಕಿದ್ದು ಇನ್ನೂ ದೊಡ್ಡ ತಪ್ಪೆನಿಸಿ ಮತ್ತೆ ಬರೆದೆ. ಕೆಲಸಕ್ಕೆ ತಡವಾಯಿತು. ನಗುವ ಮಗುವನ್ನು ಕೂರಿಸಿದರೆ ಅದು ಯಾವಾಗ ಅಳಲು ಶುರು ಮಾಡುತ್ತದೆ ಎಂದು ಕಾಯುತ್ತಾ ನಿಂತಿರುತ್ತೇನೆ.

ಡಾಕ್ಟರಮ್ಮನಿಗೆ ಹೇಳಿದೆ. ಅವರು ನಕ್ಕರು, ನಿಮ್ಮ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ ಎಂದರು. ಬಲವಂತದಿಂದ ಒಳ್ಳೆಯದನ್ನು ಯೋಚಿಸುವುದೂ ಯೋಚನೆಯ ಜೊತೆ ಗುದ್ದಾಟವೇ ಅಂತೆ. ಅಂಗಡಿಗೆ ಬಂದ ಜಗಳಗಂಟ ಗಿರಾಕಿ ಇದ್ದ ಹಾಗೆ ಅದು. ವಾದಿಸಿದರೆ ಸಂಜೆಯವರೆಗೂ ನಿಲ್ಲುತ್ತಾನೆ. ಬಂದಿದ್ದೀಯ, ಅಲ್ಲಿ ಕೂತಿರು ಎಂದು ನಮ್ಮ ಕೆಲಸ ನಾವು ಮಾಡುತ್ತಿದ್ದರೆ ಯಾವಾಗಲೋ ಎದ್ದು ಹೋಗುತ್ತಾನೆ. ಹೋಗದಿದ್ದರೂ ಕೆಲಸ ನಿಲ್ಲುವುದಿಲ್ಲ. ಕೊನೆಗೆ ಹೇಳಿದರು, "ಯೋಚನೆ ಬಂತು ಅಂದ್ರೆ ಸುದ್ದಿ ಬಂತು ಅಂತಲ್ಲ." ಇದನ್ನು ಅಂಗೈಯಲ್ಲಿ ಬರೆದುಕೊಂಡು ಹೋಗಿದ್ದೆ, ಬೆವರಿಗೆ ಅಳಿಸಿಹೋಯಿತು. ಅಷ್ಟರಲ್ಲಿ ಬಾಯಿಪಾಠವಾಗಿತ್ತು.

ಮೊನ್ನೆ ಒಂದು ನೀಲಿ ಕೋಟು ದಾಟಿಸಿ ಪೆಟ್ಟಿಗೆಗೆ ಟೇಪ್ ಹಾಕಿದೆ. ಕೈಬಿಟ್ಟ ತಕ್ಷಣ ಬಂತು, ಅದೇ ಅಡುಗೆಮನೆ, ಅದೇ ಅಳು. ಬೆರಳು ಟೇಪಿನ ಅಂಚಿನವರೆಗೆ ಹೋಗಿತ್ತು. ಬಂದಿದ್ದೀಯ, ಕೂತಿರು ಎಂದು ಮುಂದಿನ ಕೋಟು ಎತ್ತಿಕೊಂಡೆ. ಊಟದ ಗಂಟೆಯವರೆಗೂ ಅದು ನನ್ನ ಹೆಗಲ ಮೇಲೇ ಇತ್ತು. ಪೆಟ್ಟಿಗೆ ಮಾತ್ರ ಲಾರಿ ಹತ್ತಿ ಹೋಯಿತು. ಬಿಚ್ಚಲಿಲ್ಲ ಅತ್ತಿಗೆ. ಇದನ್ನು ಫೋನಿನಲ್ಲಿ ಹೇಳಬೇಕೆಂದು ಜೀವ ಒದ್ದಾಡಿತು, ಆದರೆ ಕಾಗದದ ಸರದಿ ಕಾಯ್ದಿದ್ದೇನೆ.

ನಿಮ್ಮ ನಾದಿನಿ

*

ಮಾರ್ಚ್ 20

ನಾದಿನಿಯಮ್ಮ,

ನಿನ್ನ ಕಾಗದ ಬಂದು ಕೆಲವು ದಿನವಾಯಿತು. ಕೈಗೆ ಬಿಡುವಿರಲಿಲ್ಲ. ಪೆಟ್ಟಿಗೆ ಬಿಚ್ಚದೆ ಇದ್ದದ್ದು ಓದಿ ಬಹಳ ಸಂತೋಷ. ಹಾಗೇ ಮುಂದುವರಿಸು.

ನಮ್ಮಲ್ಲಿ ವಿಶೇಷವೇನಿಲ್ಲ. ಗೋಡೆಗೆ ಸುಣ್ಣ ಬಳಿಸುತ್ತಿದ್ದೇನೆ, ಅಂಗಡಿ ಸ್ವಲ್ಪ ದಿನ ಮುಚ್ಚಿರುತ್ತದೆ. ನಿನ್ನಣ್ಣನಿಗೆ ದೊಡ್ಡ ಬೋರ್ಡಿನ ಕೆಲಸ, ಮನೆಗೆ ಬರುವುದೇ ಕಡಿಮೆ. ಕತ್ತೆ ಕೆಳಗಿದೆ.

ಆರೋಗ್ಯ ನೋಡಿಕೋ. ಬಿಸಿ ಬಿಸಿ ತಿನ್ನು.

ಅತ್ತಿಗೆ

*

ಮಾರ್ಚ್ 28

ಅತ್ತಿಗೆ,

ನಿಮ್ಮ ಕಾಗದ ಸೇರಿತು. ಇಂದು ನಾನು ನಿಮಗೆ ಒಂದು ದೊಡ್ಡ ಗೆಲುವಿನ ಕಥೆ ಬರೆಯುತ್ತಿದ್ದೇನೆ, ಕೂತು ಓದಿ.

ಕಾಗದ ಬಿಚ್ಚಿದಾಗಲೇ ಅನುಮಾನ ಬಂತು. ಇಷ್ಟು ಚಿಕ್ಕ ಕಾಗದ ನೀವು ಯಾವತ್ತೂ ಬರೆದವರಲ್ಲ. ನನ್ನನ್ನು ಬೈದಿಲ್ಲ, ಒಂದು ತಮಾಷೆಯೂ ಇಲ್ಲ. ಬಿಸಿ ಬಿಸಿ ತಿನ್ನು ಎಂದು ನೀವು ನನಗೆ ಹೇಳಿದ್ದು ಇದೇ ಮೊದಲು. ಸುಣ್ಣ ಬಳಿಸುತ್ತಿದ್ದೀರಿ, ಮನೆಯಲ್ಲೇ ಬಣ್ಣದವನಿರುವಾಗ. ಆಮೇಲೆ ಕತ್ತೆ. ಅಣ್ಣ ಬಿಡಿಸಿದ ಎರಡು ಕತ್ತೆಗೂ ಒಂದು ಕಿವಿ ಮಡಚಿತ್ತು. ಈ ಕತ್ತೆಯ ಎರಡು ಕಿವಿಯೂ ನೆಟ್ಟಗಿವೆ. ನೋಡಿದರೆ ಮೊಲದ ಹಾಗಿದೆ. ಗೆರೆ ಎಳೆಯುವಾಗ ಅಣ್ಣನ ಕೈ ನಡುಗುವುದಿಲ್ಲ. ಈ ಗೆರೆ ನಿಂತು ನಿಂತು ಹೋಗಿದೆ.

ಅಷ್ಟೇ ಸಾಕಾಯಿತು. ಅಣ್ಣನಿಗೆ ಏನೋ ಆಗಿದೆ, ಇದನ್ನು ಅತ್ತಿಗೆಯೇ ಬಿಡಿಸಿದ್ದಾರೆ ಎಂದು ಮನಸ್ಸು ಬೊಬ್ಬೆ ಹಾಕಿತು. ಅಣ್ಣ ಏಣಿಯಿಂದ ಬೀಳುವುದನ್ನು ಮೇಲಿನಿಂದ, ಕೆಳಗಿನಿಂದ ಎಲ್ಲ ಕಡೆಯಿಂದ ತೋರಿಸಿತು. ಫೋನ್ ಕೈಗೆ ತೆಗೆದುಕೊಂಡೆ. ನಿಮ್ಮ ಮಾತು ನೆನಪಾಯಿತು. ನಿಜವಾಗಿ ಏನಾದರೂ ಆದರೆ ನೀವೇ ಮಾಡುತ್ತೀರಿ. ಫೋನ್ ಬಂದಿಲ್ಲ. ಹಾಗಾದರೆ ಇದು ಯೋಚನೆ, ಸುದ್ದಿಯಲ್ಲ. ಅವಸರದಲ್ಲಿ ಯಾರ ಕತ್ತೆಯಾದರೂ ಮೊಲವಾಗಬಹುದು. ಫೋನನ್ನು ಬಟ್ಟೆಯ ಪೆಟ್ಟಿಗೆಯ ತಳಕ್ಕೆ ಹಾಕಿ ಮೇಲೆ ಕಂಬಳಿ ಹೊದಿಸಿದೆ. ಎರಡು ಸಲ ಕಂಬಳಿ ಎತ್ತಿ ನೋಡಿದೆ. ಆದರೂ ಮಾಡಲಿಲ್ಲ.

ಮೊದಲ ಸಲ ನನ್ನ ಮನಸ್ಸಿನ ಮೇಲೆ ನನಗೇ ಒಂದು ಅಧಿಕಾರ ಬಂದ ಹಾಗೆ ಅನಿಸಿತು. ಇದಕ್ಕೆ ನೀವೇ ಕಾರಣ. ಅಣ್ಣನಿಗೆ ಹೇಳಿ, ಅವನ ಸೋಮಾರಿ ಕತ್ತೆಯಿಂದ ನಾನು ಪಾಸಾದೆ ಎಂದು.

ನಿಮ್ಮ ನಾದಿನಿ

*

ಏಪ್ರಿಲ್ 7

ನಾದಿನಿಯಮ್ಮ,

ಶಾಭಾಸ್. ಫೋನ್ ಮಾಡದೆ ಇದ್ದದ್ದು ಒಳ್ಳೆಯದಾಯಿತು. ಅವರಿಗೆ ಹೇಳಿದೆ, ನಕ್ಕರು. ಈ ಸಲ ಕತ್ತೆ ಬಿಡಿಸಲು ಅವರು ಮನೆಯಲ್ಲಿಲ್ಲ.

ಅತ್ತಿಗೆ

*

ಏಪ್ರಿಲ್ 15

ಅತ್ತಿಗೆ,

ಮೂರು ಸಾಲಿನ ಕಾಗದ. ಪರವಾಗಿಲ್ಲ. ಅದರ ಬಗ್ಗೆಯೂ ಮನಸ್ಸು ಏನೇನೋ ಹೇಳಿತು, ನಾನು ಕಿವಿಗೊಡಲಿಲ್ಲ. ಈಗ ನಾನು ಹಳಬಳಾಗಿದ್ದೇನೆ.

ಮೇಲ್ವಿಚಾರಕಿ ನಿನ್ನೆ ನನ್ನ ಮಷಿನ್ ಪಕ್ಕದಲ್ಲಿ ನಿಂತು ಟೇಪ್ ಹಾಕಿದ ಪೆಟ್ಟಿಗೆಗಳನ್ನು ನೋಡಿ, ತಲೆಯಾಡಿಸಿ ಹೋದರು. ಅವರ ಮಟ್ಟಿಗೆ ಅದು ಹೊಗಳಿಕೆ. ಜಾಗ ಉಳಿಯಿತು ಅಂದುಕೊಂಡಿದ್ದೇನೆ.

ಡಾಕ್ಟರಮ್ಮ ಒಂದು ಪಾಠ ಕೊಟ್ಟಿದ್ದರು. ಮನಸ್ಸು ಖಡಾಖಂಡಿತ ಹೇಳಿ, ಆಮೇಲೆ ಸುಳ್ಳಾದ ಒಂದು ಸಂಗತಿ ತನ್ನಿ ಎಂದು. ನಾನು ಮೊಲದ ಕಿವಿಯ ಕತ್ತೆಯನ್ನು ಹೇಳಿದೆ. ನಿಮ್ಮ ಕಾಗದವನ್ನೇ ಅವರ ಮೇಜಿನ ಮೇಲಿಟ್ಟು ತೋರಿಸಿದೆ. ನೋಡಿ, ಇದನ್ನು ನೋಡಿ ಅಣ್ಣ ಬಿದ್ದಿದ್ದಾನೆ ಅಂದುಕೊಂಡೆ, ಅವನು ಬೋರ್ಡು ಬರೆಯುತ್ತಾ ಇದ್ದ ಎಂದು ಹೇಳಿ ಇಬ್ಬರೂ ನಕ್ಕೆವು. ಇನ್ನು ಯಾವ ಭಯ ಬಂದರೂ ಆ ಕತ್ತೆಯನ್ನು ನೆನೆಸಿಕೊಳ್ಳುತ್ತೇನೆ ಎಂದು ತೀರ್ಮಾನಿಸಿದ್ದೇನೆ. ಅದನ್ನು ಗೋಡೆಗೆ ಅಂಟಿಸಿದ್ದೇನೆ.

ಅಂಗಡಿಗೆ ಸುಣ್ಣ ಬಳಿದಾಯಿತೇ?

ನಿಮ್ಮ ನಾದಿನಿ

*

ಏಪ್ರಿಲ್ 21

ನನ್ನ ಕಂದ,

ಆ ಕತ್ತೆಯನ್ನು ಗೋಡೆಯಿಂದ ಕಿತ್ತುಬಿಡು. ಅದನ್ನು ಬಿಡಿಸಿದವಳು ನಾನು.

ನಿನ್ನಣ್ಣ ಬಿದ್ದರು. ಮಾರ್ಚ್ ಹನ್ನೆರಡಕ್ಕೆ, ಒಂದು ಚಪ್ಪಲಿ ಅಂಗಡಿಯ ಬೋರ್ಡು ಬರೆಯುವಾಗ. ಅಂಗಡಿಯವರು ಆಗಷ್ಟೇ ಬಾಗಿಲಿನ ಕಲ್ಲು ತೊಳೆದಿದ್ದರು, ಏಣಿ ಜಾರಿತು. ಈಗ ಬದುಕಿದ್ದಾರೆ, ಮಾತಾಡುತ್ತಾರೆ, ಮೊದಲು ಇದನ್ನು ಓದಿಕೋ. ತಲೆಗೆ ಪೆಟ್ಟಾಗಿ ಮೂರು ದಿನ ಕಣ್ಣು ಬಿಡಲಿಲ್ಲ. ಬಲಗೈ ಮಣಿಕಟ್ಟಿನಲ್ಲೂ ಮೊಣಕೈಯಲ್ಲೂ ಮುರಿದಿದೆ, ಒಳಗೆ ಸರಳು ಹಾಕಿದ್ದಾರೆ. ಬೆರಳುಗಳು ಅಲ್ಲಾಡುತ್ತಿಲ್ಲ. ಅಂಗಡಿಗೆ ಸುಣ್ಣವೂ ಇಲ್ಲ, ಮಣ್ಣೂ ಇಲ್ಲ. ಬೀಗ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ.

ಮೊದಲ ದಿನವೇ ನಿನ್ನ ನಂಬರ್ ಒತ್ತಿದೆ. ಗಂಟೆ ಬಾರಿಸುವ ಮುಂಚೆ ಕತ್ತರಿಸಿದೆ. ನೀನು ಆಗಷ್ಟೇ ಒಂದು ಪೆಟ್ಟಿಗೆ ಬಿಚ್ಚದೆ ಬಿಟ್ಟಿದ್ದೆ, ಈ ಸುದ್ದಿ ಕೇಳಿದರೆ ಎಲ್ಲ ಹಾಳಾಗುತ್ತದೆ, ಅವರು ಕಣ್ಣು ಬಿಟ್ಟ ಮೇಲೆ ಹೇಳೋಣ ಎಂದುಕೊಂಡೆ. ಕಣ್ಣು ಬಿಟ್ಟರು. ಕೈ ಸರಿಯಾದ ಮೇಲೆ ಹೇಳೋಣ ಎಂದುಕೊಂಡೆ. ಕತ್ತೆ ಇಲ್ಲದಿದ್ದರೆ ನಿನಗೆ ಅನುಮಾನ ಬರುತ್ತದೆ ಎಂದು ಅವರ ಹಾಸಿಗೆಯ ಪಕ್ಕದಲ್ಲಿ ಕೂತು ನಾನೇ ಬಿಡಿಸಿದೆ. ಮಡಚಿದ ಕಿವಿ ನೆನಪಾಗಲೇ ಇಲ್ಲ. ನಿನ್ನನ್ನು ಕಾಪಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಲಾ? ನನ್ನ ಭಯವೇ ಹೊರಲಾರದಷ್ಟಿತ್ತು. ಅದರ ಮೇಲೆ ನಿನ್ನದನ್ನೂ ಹೊರುವ ತ್ರಾಣ ಇರಲಿಲ್ಲ.

ನೀನು ಅದನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು ನಕ್ಕೆ ಎಂದು ಓದಿದ ಮೇಲೆ ನನಗೆ ಊಟ ಸೇರುತ್ತಿಲ್ಲ.

ಚಿಂತೆ ಎಂದರೆ ಏನೆಂದೇ ಗೊತ್ತಿಲ್ಲ ಎಂದು ಬಡಾಯಿ ಕೊಚ್ಚಿದ್ದೆನಲ್ಲ. ಈಗ ಅವರು ಮಲಗಿದ್ದಾಗ ಮೂಗಿನ ಬಳಿ ಕೈಯಿಟ್ಟು ನೋಡುತ್ತೇನೆ. ಉಸಿರಿದೆ. ಅಡುಗೆಮನೆಗೆ ಹೋಗುವಷ್ಟರಲ್ಲಿ ನಿಜವಾಗಿ ಇತ್ತೇ ಎಂದು ಅನುಮಾನ ಬಂದು ವಾಪಸ್ ಬರುತ್ತೇನೆ. ನೀನು ಇಷ್ಟು ವರ್ಷ ಹೀಗೆಯೇ ಬದುಕುತ್ತಿದ್ದೆಯಾ?

ನಿನ್ನ ಅತ್ತಿಗೆ

*

ಏಪ್ರಿಲ್ 27

ಅತ್ತಿಗೆ,

ನಿನ್ನೆ ಕಾಗದ ಓದಿದ ಕೂಡಲೇ ಫೋನ್ ಮಾಡಿದೆ. ನೀವು ಅತ್ತಿರಿ, ಅಣ್ಣ ತೊದಲುತ್ತಾ "ಏನೇ ಕತ್ತೆ" ಎಂದ, ನಾನು ಹೂಂ ಹೂಂ ಎಂದು ಇಟ್ಟುಬಿಟ್ಟೆ. ಹೇಳಬೇಕಾದದ್ದು ಹೇಳಲಿಲ್ಲ. ಶನಿವಾರ ಅಲ್ಲಿಗೆ ಬರುತ್ತಿದ್ದೇನೆ, ರಜೆ ಸಿಕ್ಕಿದೆ. ನಿಮ್ಮ ಮುಖ ನೋಡಿದರೆ ಈ ಮಾತು ಆಡಲಾರೆ, ಅದಕ್ಕೇ ಕಾಗದ ಮೊದಲು ಬರಲಿ.

ನನಗೆ ಕೋಪ ಬಂದಿದೆ. ನಿಮ್ಮ ಮೇಲೆ ಇಷ್ಟು ಕೋಪ ಬರಬಹುದೆಂದು ನನಗೇ ತಿಳಿದಿರಲಿಲ್ಲ.

ನನ್ನ ಮಷಿನ್ ಒಮ್ಮೊಮ್ಮೆ ಜಿಪ್ಪಿಗೂ ಕೂಗುತ್ತದೆ. ಹಾಗೆಂದು ಅದರ ತಂತಿ ಕಿತ್ತು ಹಾಕುವುದಿಲ್ಲ. ಯಾವ ಕೂಗಿಗೆ ಏಳಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂದು ನಾನು ಈಗಷ್ಟೇ ಕಲಿಯುತ್ತಿದ್ದೆ. ಜೀವಮಾನದಲ್ಲಿ ಒಂದು ಸಲ ನನ್ನ ಮನಸ್ಸು ನಿಜವಾದ ಸೂಜಿಗೆ ಕೂಗಿತು. ಕಿವಿ, ಗೆರೆ, ಸುಣ್ಣ ಎಲ್ಲ ಬೆರಳಿಟ್ಟು ತೋರಿಸಿತು. ಆಗ ನಿಮ್ಮ ಮಾತು ನಂಬಿ ಅದರ ಬಾಯಿ ಮುಚ್ಚಿಸಿದೆ. ಅದಕ್ಕೆ ನಿಮ್ಮಿಂದ ಶಾಭಾಸ್‌ಗಿರಿಯೂ ಸಿಕ್ಕಿತು. ಈಗ ನಾನು ಯಾವುದನ್ನು ನಂಬಬೇಕು? ಅಣ್ಣ ಕಣ್ಣು ಬಿಡದೆ ಮಲಗಿದ್ದಾಗ ನಾನಿಲ್ಲಿ ಬಸ್ಸಿನ ಕಿಟಕಿಯಲ್ಲಿ ಕೂತು ಗಾಳಿ ಕುಡಿಯುತ್ತಿದ್ದೆ. ಅದು ನೆನಪಾದರೆ ಮೈ ಉರಿಯುತ್ತದೆ.

ಇನ್ನೊಂದು ಸಂಗತಿ ಬರೆಯದೆ ಇರಲಾರೆ, ಕೋಪದ ನಡುವೆಯೇ ಬರೆಯುತ್ತೇನೆ. ಕಾಗದ ಓದುವಾಗ ಕುಸಿದು ಬೀಳುತ್ತೇನೆ ಅಂದುಕೊಂಡೆ. ಬೀಳಲಿಲ್ಲ. ಅಣ್ಣ ಏಣಿಯಿಂದ ಬೀಳುವುದನ್ನು ನಾನು ಅವನು ಮೊದಲ ಬೋರ್ಡು ಬರೆದ ದಿನದಿಂದ ನೋಡುತ್ತಾ ಬಂದಿದ್ದೇನೆ. ನನ್ನ ತಲೆಯಲ್ಲಿ ಅವನು ಪ್ರತಿ ಸಲವೂ ಸತ್ತಿದ್ದಾನೆ. ನೀವು ಬರೆದ ಸುದ್ದಿಯಲ್ಲಿ ಅವನು ಬದುಕಿದ್ದಾನೆ, ಕೈ ಮುರಿದಿದೆ. ನಿಜ ನನ್ನ ಯೋಚನೆಗಿಂತ ಚಿಕ್ಕದಾಗಿತ್ತು ಅತ್ತಿಗೆ. ಅದನ್ನು ಹಿಡಿಯಬಹುದು. ಅದರ ಮುಂದೆ ನಿಂತು ಯಾವ ಬಸ್ಸಿಗೆ ಹೋಗಬೇಕು, ಯಾರನ್ನು ರಜೆ ಕೇಳಬೇಕು ಎಂದು ಲೆಕ್ಕ ಹಾಕಬಹುದು. ಹಾಕಿದೆ ಕೂಡ. ನೀವು ನನಗೆ ಕೊಡದೆ ಉಳಿಸಿದ್ದು ನನಗೆ ಹೊರಲು ಬರುತ್ತಿದ್ದ ಭಾರ.

ಹಾಗಾಗಿ ನನ್ನದು ಒಂದೇ ಷರತ್ತು. ಇನ್ನು ಮೇಲೆ ನನಗೆ ನಿಜ ಹೇಳಿ. ಚಿಕ್ಕದಾಗಲಿ, ದೊಡ್ಡದಾಗಲಿ. ಭಯ ನನ್ನದು, ಅದನ್ನು ನಾನು ನೋಡಿಕೊಳ್ಳುತ್ತೇನೆ. ನಿಮ್ಮ ಸುಳ್ಳನ್ನು ನೋಡಿಕೊಳ್ಳಲು ನನಗೆ ಯಾವ ಡಾಕ್ಟರೂ ಕಲಿಸಿಲ್ಲ.

ಶನಿವಾರ ಸಂಜೆ ಬರುತ್ತೇನೆ. ಏನೂ ವಿಶೇಷ ಮಾಡಬೇಡಿ. ಬಾಗಿಲಲ್ಲಿ ಅಳಬೇಡಿ.

ನಿಮ್ಮ ನಾದಿನಿ

*

ಜೂನ್ 3

ಅತ್ತಿಗೆಯಮ್ಮನವರಿಗೆ,

ನಿನ್ನೆ ಫೋನಿನಲ್ಲಿ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಇವತ್ತಿನಿಂದ ನೀವು ನನಗೆ ಫೋನ್ ಮಾಡಬಾರದು.

ಮುಖ ಊದಿಸಿಕೊಳ್ಳಬೇಡಿ. ನಾನು ಅಲ್ಲಿಂದ ವಾಪಸ್ ಬಂದ ಮೇಲೆ ನೀವು ದಿನಾ ಕರೆ ಮಾಡಿ "ಬೆರಳು ಮೊದಲಿನ ಹಾಗೆ ಆಗುತ್ತೆ ಅಲ್ವಾ?" ಎಂದು ಕೇಳುತ್ತೀರಿ. ನಾನೂ ಪ್ರೀತಿಯಿಂದ, ಆಗುತ್ತೆ ಬಿಡಿ ಎನ್ನುತ್ತಾ ಬಂದೆ. ನಿನ್ನೆ ಬೆಳಗಿನಿಂದ ಸಂಜೆಯೊಳಗೆ ನಾಲ್ಕು ಸಲ ಹಾಗೆ ಹೇಳಿದ ಮೇಲೆ ನನಗೆ ನಗು ಬಂತು. ನಾನೀಗ ನಿಮ್ಮ ಭಯವನ್ನು ಸಾಕುತ್ತಿದ್ದೇನೆ. ಅದಕ್ಕೆ ಮೇವು ಯಾವುದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೆರಳು ಮೊದಲಿನ ಹಾಗೆ ಆಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆಸ್ಪತ್ರೆಯವರಿಗೂ ಗೊತ್ತಿಲ್ಲ ಎಂದು ನಿಮ್ಮ ಮುಂದೆಯೇ ಹೇಳಿದರು. ಅಣ್ಣ ಇನ್ನು ಬೋರ್ಡು ಬರೆಯಲಾರದೇ ಇರಬಹುದು. ಇದನ್ನು ಬರೆಯಲು ನನಗೂ ಇಷ್ಟವಿಲ್ಲ. ಆದರೂ ಬರೆದೆ. ಗೊತ್ತಿಲ್ಲ ಎಂಬುದು ಬಂದು ಕೂತರೆ ಕೂರಲು ಬಿಡಿ. ಅದರ ಪಕ್ಕದಲ್ಲೇ ಅಂಗಡಿಯ ಬೀಗ ತೆಗೆದು ಒಂದು ತಲೆಯಾದರೂ ಕತ್ತರಿಸಿ. ಮುಂಗೂದಲು ಗಿಡ್ಡವಾದರೆ ಆಗಲಿ.

ನೀವು ಕೇಳಿದ್ದಿರಿ, ಆ ಸೂಜಿಯ ತುದಿ ಕೊನೆಗೂ ಸಿಕ್ಕಿತೇ ಎಂದು. ಇಲ್ಲ. ಇವತ್ತಿಗೂ ಸಿಕ್ಕಿಲ್ಲ. ಆ ಅಡುಗೆಮನೆ ಈಗಲೂ ಬರುತ್ತದೆ, ಈ ವಾರ ಎರಡು ಸಲ ಬಂತು. ಒಂದು ಸಲ ಟೇಪಿನ ಅಂಚು ಉಗುರಿನಿಂದ ಎತ್ತಿಬಿಟ್ಟಿದ್ದೆ. ಮತ್ತೆ ಒತ್ತಿ ಅಂಟಿಸಿದೆ. ನಾನು ಗುಣವಾಗಿದ್ದೇನೆ ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಇನ್ನೂ ಅದೇ ಮಷಿನ್ ಮುಂದೆ ನಿಂತಿದ್ದೇನೆ, ಅಷ್ಟು ಮಾತ್ರ ಖಂಡಿತ ಹೇಳಬಲ್ಲೆ.

ಇಲ್ಲಿ ನಾನು ಕ್ಷೇಮ. ಹೊಡೆದು ಹಾಕಲಿಲ್ಲ, ನೋಡಿ. ಅಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.

ನಿಮ್ಮ ನಾದಿನಿ

*

ಜೂನ್ 12

ನಾದಿನಿಯಮ್ಮ,

ಹೇಗಿದೆಯೋ ಹಾಗೆ ಬರೆಯುತ್ತಿದ್ದೇನೆ. ಹೆಬ್ಬೆರಳು ಅಲ್ಲಾಡಿತು. ಪಕ್ಕದ ಬೆರಳು ಒಂದಿಷ್ಟು. ಉಳಿದ ಮೂರು ಇಲ್ಲ. ನಿನ್ನಣ್ಣ ಒಮ್ಮೊಮ್ಮೆ ಕಿಟಕಿ ಕಡೆ ತಿರುಗಿ ಕೂತುಬಿಡುತ್ತಾರೆ, ಎದುರಿನ ಅಂಗಡಿಯ ಬೋರ್ಡು ಅವರೇ ಬರೆದದ್ದು. ಆಗ ನಾನು ಚಹಾ ತಂದು ಪಕ್ಕದಲ್ಲಿಟ್ಟು ಬರುತ್ತೇನೆ.

ಅಂಗಡಿ ತೆರೆದೆ. ಮೊದಲು ಬಂದವಳು ಅದೇ ಮುಂಗೂದಲಿನ ಹುಡುಗಿ. ಧೈರ್ಯವಂತೆ. ಕತ್ತರಿಸುವಾಗ ಒಳಗೆ ಹೋಗಿ ಅವರ ಉಸಿರು ನೋಡಬೇಕು ಅನಿಸಿತು. ಹೋಗಲಿಲ್ಲ. ಆಮೇಲೆ ಹೋದೆ. ನಿನಗೆ ಫೋನ್ ಮಾಡಬೇಕೆಂದು ಕೈ ತುರಿಸಿತು, ಅದನ್ನು ಮಾತ್ರ ಮಾಡಿಲ್ಲ.

ಕೆಳಗಿನದು ಅವರೇ ಎಡಗೈಯಲ್ಲಿ ಬಿಡಿಸಿದ್ದು. ನಾನು ಕಾಗದ ಜಾರದ ಹಾಗೆ ಹಿಡಿದುಕೊಂಡಿದ್ದೆ, ಬೇರೆ ಕೈ ಹಾಕಿಲ್ಲ. ಅರ್ಧ ಬೆಳಗು ಹಿಡಿಯಿತು. ಕತ್ತೆ ಎಂದು ಅವರು ಹೇಳುತ್ತಾರೆ. ಮಡಚಿದ ಕಿವಿ ಎಲ್ಲಿ ಎಂದು ಕೇಳಿದರೆ ಕಾಲಿನ ಹತ್ತಿರ ತೋರಿಸುತ್ತಾರೆ. ಚೆನ್ನಾಗಿದೆಯಾ ಎಂದು ನನ್ನ ಮುಖವನ್ನೇ ನೋಡಿದರು. ನಿಜ ಹೇಳಬೇಕು ಎಂದು ನೀನು ಷರತ್ತು ಹಾಕಿದ್ದೀಯಲ್ಲ, ಹೇಳಿದೆ. ನನಗಂತೂ ಅದು ಮುರುಕು ಕುರ್ಚಿಯ ಹಾಗೆ ಕಾಣುತ್ತದೆ. ಬಿದ್ದಾಗಿನಿಂದ ಅವರು ಅಷ್ಟು ಜೋರಾಗಿ ನಕ್ಕಿದ್ದು ಇವತ್ತೇ.

ನಿನ್ನ ಅತ್ತಿಗೆ